ನನ್ನಿಮ್ಮನ ಕಬಾಬ್ ಮಸಾಲೆ

ಮೊನ್ನೆ ಸಾಂಬಾರ ಡಬ್ಬಿ ತೊಳೆಯಲು ತೆಗೆದಾಗ ತಳದಲ್ಲಿ ಕಲ್ಲುಹೂವಿನ ಒಂದು ಚೂರು ಸಿಕ್ಕಿತು. ತಣ್ಣಗಿದ್ದರೆ ಅದು ಒಣ ತೊಗಟೆಯಂತೆ, ವಾಸನೆಯೇ ಇಲ್ಲ. ಬಿಸಿ ಬಾಣಲೆಗೆ ಹಾಕಿದೆ. ಹೊಗೆ ಏಳುವ ಮೊದಲೇ ದಿಂಡಿಗಲ್ಲಿನ ನೆರೆಮನೆಯ ಹಿತ್ತಿಲು ನನ್ನ ಅಡುಗೆಮನೆಗೆ ಬಂದುಬಿಟ್ಟಿತು...

ಕಳೆದ ಶತಮಾನ ಮುಗಿಯಲು ಕೆಲವೇ ವರ್ಷಗಳಿದ್ದವು. ನಾನಿನ್ನೂ ಕಾನ್ವೆಂಟಿನ ಕೊನೆಯ ತರಗತಿಗಳಲ್ಲಿದ್ದೆ. ಪಕ್ಕದ ರಾವುತ್ತರ, ಅಂದರೆ ಕುದುರೆ ಸವಾರರ ವಂಶದ ತಮಿಳು ಮುಸ್ಲಿಮರ, ಮನೆಯ ಅಜ್ಜಿಯನ್ನು ಅವರ ಮೊಮ್ಮಕ್ಕಳಂತೆ ನಾನೂ ನನ್ನಿಮ್ಮ ಎನ್ನುತ್ತಿದ್ದೆ. ಅವರ ಮಗ ಸಂಜೆ ಪೇಟೆಯಲ್ಲಿ ಕೆಂಡದ ಮೇಲೆ ಕಬಾಬ್ ಸುಡುತ್ತಿದ್ದ. ಮಸಾಲೆ ಮಾತ್ರ ನನ್ನಿಮ್ಮನ ಕೈಯದು. ಕೊತ್ತಂಬರಿ, ಸೋಂಪು, ಮೆಣಸು, ಲವಂಗ, ಕಲ್ಲುಹೂವು, ಒಂದೊಂದನ್ನೂ ಬೇರೆಬೇರೆ ಹುರಿದು ಸೆರಗಿನ ಮರೆಯಲ್ಲಿ ಬೆರೆಸುತ್ತಿದ್ದರು. ಸೊಸೆಗೂ ಅಳತೆ ಹೇಳಿರಲಿಲ್ಲ.

ಕಬಾಬ್ ಪಾರಸಿಗರ ನಾಡಿನದೆಂದು ಶಾಲೆಯಲ್ಲಿ ಕೇಳಿ ಬಂದು ಒಮ್ಮೆ ಹೇಳಿದೆ. ನನ್ನಿಮ್ಮ ನಕ್ಕು, ಆ ತಮಿಳು ಊರಿನಲ್ಲಿ ನಾವು ಮನೆಯಲ್ಲಾಡುವ ಕನ್ನಡವನ್ನೇ ತಮ್ಮ ತಮಿಳು ರಾಗದಲ್ಲಿ ಆಡಿದರು; ನನ್ನನ್ನು ಮುದ್ದಿನಿಂದ 'ಕಣ್ಣು' ಎನ್ನುತ್ತಿದ್ದರು.

"ಕಂಬಿಗೆ ಚುಚ್ಚಿ ಸುಡಾದು ಅವರ್ದೇ ಇರ್ಲಿ, ಕಣ್ಣು. ಅವರೂರಾಗೆ ಕಲ್ಲುಹೂವು ಎಲ್ಲಿಂದ ತರ್ತಾರೆ? ನಮ್ಮ ತಾತ-ಮುತ್ತಾತಂದ್ರು ಮೈಸೂರು ದಂಡಿನ ಜೊತೆ ಈ ಕೋಟೆಗೆ ಬಂದೋರು. ಮಸಾಲೆ ಹಚ್ಚಿದ್ದು ಇಲ್ಲೇ."

"ನಮ್ಮೋರೂ ಆ ಕಡೆಯಿಂದ್ಲೇ ಬಂದೋರು, ನನ್ನಿಮ್ಮಾ."

"ಬಂದ್ರು, ಎತ್ತಿನ ಹಿಂದೆ ನಡ್ಕೊಂಡು. ನಾವು ಕುದುರೆ ಮೇಲೆ."

ರಂಜಾನ್ ತಿಂಗಳಲ್ಲಿ ಹಗಲು ಅವರು ಏನನ್ನೂ ನಾಲಿಗೆಗೆ ತಾಗಿಸುವಂತಿರಲಿಲ್ಲ. ಉಪ್ಪು ಖಾರ ನೋಡಲು ಉಪವಾಸವಿಲ್ಲದ ನನ್ನನ್ನು ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಹೋದಾಗ ಬಾಣಲೆಯಲ್ಲಿ ಕೊತ್ತಂಬರಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಅವರು ಅದಕ್ಕೆ ಬೆನ್ನು ಹಾಕಿ, ನಿಶ್ಚಿಂತೆಯಿಂದ ಲವಂಗ ಆರಿಸುತ್ತಿದ್ದರು. ನಾನು ಓಡಿ ಬಾಣಲೆ ಇಳಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹೋದ ವರ್ಷದ ಜ್ವರದಾಗೆ ಮೂಗು ಹೋತು, ಕಣ್ಣು, ವಾಸನೆನೇ ಹತ್ತಲ್ಲ. ಸೊಸೆ ಕಿವಿಗೆ ಬೀಳಬಾರ್ದು. ಮಸಾಲೆನೂ ಕೈ ಬಿಟ್ರೆ ಈ ಮನೇಲಿ ನಂಗೆ ಮೂಲೇಲೊಂದು ಚಾಪೆ, ಅಷ್ಟೇ."

ಹಬ್ಬ ಕಳೆದರೂ ಕರೆಯುವುದು ನಿಲ್ಲಲಿಲ್ಲ. ಅವರು ಹುರಿಯುತ್ತಿದ್ದರು, ನಾನು ಪಕ್ಕದಲ್ಲಿ ಕೂತು 'ಸಾಕು' ಎನ್ನುತ್ತಿದ್ದೆ. ಹೀಗೇ ಎರಡು ವರ್ಷ...

ಕಂಬಂ ಕಣಿವೆಯ ಹನುಮಂತನಪಟ್ಟಿಗೆ ನನ್ನ ಮದುವೆ ನಿಶ್ಚಯವಾಯಿತು. ಸುದ್ದಿ ಹೇಳಲು ಹೋದೆ. ನನ್ನಿಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆಮೇಲೆ ಸೊಸೆಯನ್ನು ಕೂಗಿ, ನನ್ನ ಮುಂದೆಯೇ ಮೂಗಿನ ವಿಷಯ ಹೇಳಿಬಿಟ್ಟರು. ಆಕೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ತಮಿಳಿನಲ್ಲಿ ಹೇಳಿದ್ದು ಇಷ್ಟು: "ಗೊತ್ತು, ಮಾಮಿ. ಅವತ್ತಿನ ಹೊಗೆ ನಡುಮನೆವರೆಗೂ ಬಂದಿತ್ತಲ್ಲ. ಕೈ ಆಡೋವರೆಗೂ ನೀವೇ ಬೆರೆಸಿ. ಮೂಗು ನಂದಿರ್ಲಿ."

ನನ್ನಿಮ್ಮ ಅವಳ ಮುಖ ನೋಡಲಿಲ್ಲ. ಸ್ವಲ್ಪ ಸರಿದು ಒಲೆಯ ಮುಂದೆ ಜಾಗ ಬಿಟ್ಟರು.

ಅವರು ತೀರಿಕೊಂಡ ಸುದ್ದಿ ಈ ಕಂಬಂ ಕಣಿವೆಗೆ ತಲುಪುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆ ಮಸಾಲೆಯನ್ನು ಎಷ್ಟೋ ಸಲ ಮಾಡಿ ನೋಡಿದ್ದೇನೆ. ಯಾವುದನ್ನು ಎಷ್ಟು ಹೊತ್ತು ಹುರಿಯಬೇಕೆಂಬುದು ಇವತ್ತಿಗೂ ತಪ್ಪುವುದಿಲ್ಲ. ಎಷ್ಟೆಷ್ಟು ಹಾಕಬೇಕೆಂದು ಮಾತ್ರ ನಾನು ಕೇಳಿಕೊಂಡಿರಲೇ ಇಲ್ಲ. ಅದು ಅವರ ಮುಷ್ಟಿಯಲ್ಲಿತ್ತು.