ಹುಲ್ಲಕ್ಕ ಕೂತ ಗಾಡಿ

ಆರು ಎಕರೆ ಹುಲ್ಲನ್ನು ಹದಿನೇಳು ವರ್ಷ ಒಬ್ಬಳೇ ಕತ್ತರಿಸಿದವಳನ್ನು ಜನ ಹುಲ್ಲಕ್ಕ ಎನ್ನದೆ ಇನ್ನೇನೆಂದಾರು? ಮನೆಯ ಹಿಂದಿನಿಂದ ಇಳಿಜಾರಾಗಿ ಹೊಂಡದವರೆಗೂ ಹಬ್ಬಿದ ಹುಲ್ಲು, ನಡುವೆ ನಲವತ್ತೊಂದು ಹಣ್ಣಿನ ಮರ. ತಳ್ಳುವ ಮಿಷನ್ ಹಿಡಿದು ಈ ತುದಿಯಿಂದ ಶುರುಮಾಡಿ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯದು ಮತ್ತೆ ಮೊಣಕಾಲಿನೆತ್ತರ ಎದ್ದಿರುತ್ತಿತ್ತು. ಅವಳು ಬೇಸರಪಟ್ಟವಳಲ್ಲ. ಬೇಸರಪಟ್ಟರೆ ಹುಲ್ಲೇನು ನಿಲ್ಲುತ್ತದೆಯೇ?

ಈ ವರ್ಷ ಮೊಣಕಾಲೇ ಕೈಕೊಟ್ಟಿತು. ಮಿಷನ್ ಹಿಂದೆ ನಡೆಯುವುದು ಇನ್ನು ಸಾಕು ಎಂದರು ಡಾಕ್ಟರು. ಜಮೀನಿನಲ್ಲಿ ಅರ್ಧ ಪಾಲು ಭಾವನದು, ಎಂದರೆ ಗಂಡನ ಅಣ್ಣನದು. ಮನೆಯ ಇನ್ನೊಂದು ಭಾಗದಲ್ಲೇ ಇರುವ ಆತ ಒಂದೇ ಉಸಿರಿಗೆ ತೀರ್ಮಾನ ಹೇಳಿದ.

“ಕೂತು ಹುಲ್ಲು ಕತ್ತರಿಸೋ ಗಾಡಿ ತರೋದಾದ್ರೆ ತನ್ನಿ, ಬೇಡ ಅನ್ನಲ್ಲ. ಆದ್ರೆ ಈ ತಿಂಗಳ ಕೊನೇ ದಿನಕ್ಕೆ ಹುಲ್ಲು ಇಳಿದಿರಬೇಕು. ಬಿಸಿಲಿಗೆ ಒಣಗಿ ಒಂದು ಕಿಡಿ ಬಿದ್ರೆ ಮನೆ ಸಮೇತ ಹೋಗ್ತೀವಿ. ಆಗದಿದ್ರೆ ಟ್ರ್ಯಾಕ್ಟರ್ ಗುತ್ತಿಗೆಯವನು ಬರ್ತಾನೆ. ಆಮೇಲೆ ಪ್ರತಿ ವರ್ಷ ಅವನದೇ ಕೆಲಸ.”

ಆ ಗುತ್ತಿಗೆಯವನು ಹುಲ್ಲಕ್ಕನಿಗೆ ಹೊಸಬನಲ್ಲ. ನಡುವೆ ಅವಳು ಜ್ವರ ಬಂದು ಮಲಗಿದ್ದ ಒಂದೇ ಒಂದು ವರ್ಷ ಅವನು ಬಂದಿದ್ದ. ಹೊಂಡದ ಮೂಲೆಯಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳಿಗೆಂದು ಅವಳು ಬಿಟ್ಟಿದ್ದ ಹುಲ್ಲನ್ನೂ ಸೇರಿಸಿ ಬೋಳುಮಾಡಿ ಹೋಗಿದ್ದ. ಎರಡು ವರ್ಷ ಒಂದು ಹಕ್ಕಿಯೂ ಆ ಕಡೆ ಸುಳಿಯಲಿಲ್ಲ. ಈ ಸಲ ಮೂರು ಗೂಡಿದ್ದವು.

ತಿಂಗಳು ಮುಗಿಯಲು ಇಪ್ಪತ್ತಾರು ದಿನ. ಗಾಡಿ ಆರಿಸುವ ಕೆಲಸವನ್ನು ಗಂಡ ತಾನೇ ಮೈಮೇಲೆ ಹಾಕಿಕೊಂಡ. ಅವಳ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಗಂಡ ದರ್ಜಿ. ಅಂಗಡಿ ಮುಚ್ಚಿ ಮೂರು ವರ್ಷವಾದರೂ ಕೊರಳಿನಿಂದ ಟೇಪು ಇಳಿದಿಲ್ಲ. ಮೂರು ಸಲ ಅಳೆ, ಒಂದು ಸಲ ಕತ್ತರಿಸು ಎನ್ನುವುದು ಅವನ ವೇದ. ಅರವತ್ತು ಇಂಚಿನ ಆ ಟೇಪು ಹಿಡಿದು ಆರು ಎಕರೆ ಅಳೆಯಲು ಹೊರಟ. ಮರಕ್ಕೂ ಮರಕ್ಕೂ ನಡುವಿನ ಸಂದು, ಕೊಟ್ಟಿಗೆಯ ಬಾಗಿಲು, ಇಳಿಜಾರಿನ ಇಳಿತ, ಒಂದನ್ನೂ ಬಿಡಲಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿದು ನಿಂತವಳು ಯಾರು? ಇವಳೇ, ಅದೇ ಮೊಣಕಾಲಿನ ಮೇಲೆ.

“ಗಟ್ಟಿಯಾಗಿ ಹಿಡ್ಕೊಳ್ಳೇ, ತುದಿ ಅಲ್ಲಾಡ್ತಿದೆ.”

“ಅಲ್ಲಾಡ್ತಿರೋದು ತುದಿಯಲ್ಲ, ನನ್ನ ಕಾಲು. ರೀ, ಈ ಮರ ನಿನ್ನೆ ಅಳೆದಾಯ್ತಲ್ಲ. ಬೆಳಗಾಗೋದರೊಳಗೆ ದಪ್ಪ ಆಗುತ್ತಾ?”

“ಕುತ್ತಿಗೆಪಟ್ಟಿ ಅರ್ಧ ಇಂಚು ತಪ್ಪಿದ್ರೆ ಇಡೀ ಅಂಗಿ ದಂಡ.”

“ಮರ ನಿಮ್ಮನ್ನ ಅಂಗಿ ಕೇಳಿಲ್ಲ.”

ಹನ್ನೊಂದು ದಿನ ಹೀಗೇ ಹೋಯಿತು. ಅಳತೆ ಪುಸ್ತಕ ತುಂಬಿತು, ಹುಲ್ಲು ಸೊಂಟಕ್ಕೆ ಬಂತು. ಅಳತೆಯಲ್ಲಿ ತಪ್ಪಿತ್ತೇ ಎಂದರೆ ಅದೂ ಇಲ್ಲ. ಅತಿ ಕಿರಿದಾದ ಸಂದು ಐವತ್ತೊಂದು ಇಂಚು, ಹಾಗಾಗಿ ನಲವತ್ತೆರಡು ಇಂಚು ಕತ್ತರಿಸುವ ಗಾಡಿ ಸಾಕು. ಇಳಿಜಾರಿನಲ್ಲಿ ಅಡ್ಡ ಓಡಿಸಿದರೆ ಮಗುಚುತ್ತದೆ, ನೇರ ಹತ್ತಿ ನೇರ ಇಳಿಯಬೇಕು. ಎಲ್ಲ ಸರಿಯೇ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು. ತಪ್ಪು ಮಾಡುವ ಗಂಡನನ್ನು ಬೈಯಬಹುದು, ಸರಿಯಾಗಿ ತಡಮಾಡುವವನನ್ನು ಏನು ಮಾಡುವುದು?

ಅಂಗಡಿಗೆ ಹೊರಡುವ ದಿನ ಅವಳೂ ಚಪ್ಪಲಿ ಮೆಟ್ಟಿಕೊಂಡಳು.

“ನಾನೂ ಬರ್ತೀನಿ. ಓಡಿಸೋಳು ನಾನು ತಾನೆ?”

“ನೀನ್ಯಾಕೆ ಕಾಲು ನೋಯಿಸ್ಕೊಂಡು? ನಿನ್ನ ಅಳತೆ ನನಗೆ ಬಾಯಿಪಾಠ. ಮೂವತ್ನಾಲ್ಕು ವರ್ಷದಿಂದ ಟೇಪು ಮುಟ್ಟದೆ ನಿನ್ನ ಅಂಗಿ ಹೊಲೀತಿಲ್ವಾ?”

ಹೊಲಿಯುತ್ತಿದ್ದ, ನಿಜ. ಮದುವೆಯಾದ ಹೊಸದರಲ್ಲಿ ತೆಗೆದ ಅಳತೆ. ಈಚಿನ ಹತ್ತು ವರ್ಷಗಳಲ್ಲಿ ಅವಳು ಹುಲ್ಲುಕಡ್ಡಿಯ ಹಾಗೆ ಇಳಿದುಹೋಗಿದ್ದಳು. ಅವನು ಹೊಲಿದ ಅಂಗಿ ಅವಳ ಮೇಲೆ ಗೂಟಕ್ಕೆ ನೇತುಹಾಕಿದ ಹಾಗಿರುತ್ತಿತ್ತು. ಅವನು ಹೊರಗೆ ಹೋದಾಗ ಎರಡೂ ಬದಿ ಒಳಗೆ ಹಿಡಿದು ತಾನೇ ಕೈಹೊಲಿಗೆ ಹಾಕಿಕೊಳ್ಳುತ್ತಿದ್ದಳು. ಹೆಂಡತಿಯ ಅಂಗಿಯೇ ತಪ್ಪಿತು ಎಂದು ದರ್ಜಿಗೆ ಹೇಳುವ ಬಾಯಿ ಅವಳಿಗೆ ಬರಲಿಲ್ಲ. ಆ ದಿನವೂ ಬರಲಿಲ್ಲ. ಚಪ್ಪಲಿ ಬಿಚ್ಚಿಟ್ಟಳು.

ಅಣ್ಣತಮ್ಮ ಇಬ್ಬರೇ ಹೋಗಿ ಬಂದರು. ಇಬ್ಬರೂ ಕೂತರೆ ಬೆಂಚು ನರಳುವಂಥ ಆಳುಗಳು. ಗಾಡಿ ಬಂತು, ಕೆಂಪು ಬಣ್ಣ, ರಾಜನ ಗಾದಿಯಂಥ ಸೀಟು. ಗಂಡ ಕೂತು ಅಂಗಳ ಸುತ್ತಿದ. ಭಾವ ಕೂತು ಸುತ್ತಿದ. ಪರೀಕ್ಷೆ ಎಂದು ಹೇಳಿ ಮತ್ತೆ ಮರುದಿನವೂ ಸುತ್ತಿದರು. ಅಂಗಳದ ಹುಲ್ಲು ಮೂರು ಸಲ ಇಳಿಯಿತು. ಹಿಂದಿನ ಆರು ಎಕರೆ ಹಾಗೇ ನಿಂತಿತ್ತು. ಹದಿಮೂರು ದಿನ ಉಳಿದಿರುವಾಗ ಹುಲ್ಲಕ್ಕನಿಗೆ ಸರದಿ ಸಿಕ್ಕಿತು.

ಅವಳು ಕೂತಳು. ಬ್ಲೇಡಿನ ಸ್ವಿಚ್ಚು ಹಾಕಿದಳು. ಹತ್ತು ಮಾರು ಹೋಗಿ ಒಂದು ಹಳ್ಳ ಇಳಿದು ಹತ್ತಿದ್ದೇ ತಡ, ಇಂಜಿನ್ ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ನಿಂತಿತು. ಗಂಡ ಕೂತರೆ ಓಡಿತು.

“ಪೆಡಲ್ ಮೇಲಿಂದ ಕಾಲು ತೆಗೀತಿದ್ದೀಯ,” ಎಂದ ಗಂಡ.

“ತೆಗೀತಿಲ್ಲ.”

“ಕೆಲವರ ಕೈಗುಣ ಹಾಗೆ,” ಎಂದ ಭಾವ.

ಅಂಗಡಿಯ ಮೆಕ್ಯಾನಿಕ್ಕು ಎರಡು ಸಲ ಬಂದ. ಅವನೂ ಗುಂಡುಗುಂಡಾಗಿದ್ದ. ಕೂತ, ಓಡಿಸಿದ, ಕೈ ಒರೆಸಿಕೊಂಡ. “ಗಾಡಿ ಚಿನ್ನದಂಗಿದೆ ಸಾರ್. ಅಮ್ಮನಿಗೆ ಸ್ವಲ್ಪ ಅಭ್ಯಾಸ ಆಗ್ಬೇಕು ಅಷ್ಟೆ.” ಹದಿನೇಳು ವರ್ಷ ಹುಲ್ಲು ಕತ್ತರಿಸಿದವಳಿಗೆ ಅಭ್ಯಾಸ ಆಗಬೇಕಂತೆ. ಅವಳು ಕಾಫಿ ಲೋಟವನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಏಳು ದಿನ ಉಳಿಯಿತು. ಭಾವ ಗುತ್ತಿಗೆಯವನಿಗೆ ಫೋನ್ ಮಾಡಿ ಕೊನೇ ದಿನಕ್ಕೆ ಬಾ ಎಂದು ಹೇಳಿಟ್ಟ.

ಗಂಡಸರು ಊಟ ಮಾಡಿ ಒರಗಿದ್ದಾಗ ಅವಳು ಕೊಟ್ಟಿಗೆಗೆ ಹೋಗಿ ಗಾಡಿಯ ಮುಂದೆ ನಿಂತಳು. ಸಮತಟ್ಟಾದ ನೆಲದಲ್ಲಿ ನಿಲ್ಲುವುದಿಲ್ಲ, ಹಳ್ಳದಲ್ಲಿ ನಿಲ್ಲುತ್ತದೆ. ಹಿಂದಕ್ಕೆ ತಿರುಗಿ ನೋಡಿದರೆ ನಿಲ್ಲುತ್ತದೆ. ಮೈ ಎದ್ದಾಗಲೆಲ್ಲ ನಿಲ್ಲುತ್ತದೆ. ಸೀಟನ್ನು ಅಂಗೈಯಿಂದ ಒತ್ತಿದಳು. ಒಳಗೆ ಟಿಕ್ ಎಂದಿತು. ಬಿಟ್ಟಳು. ಮತ್ತೆ ಟಿಕ್. ಅವಳು ಒಳಗೆ ಹೋಗಿ ಗಂಡನ ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಂದಳು, ಎತ್ತಿದರೆ ಭುಜ ಕಳಚುವಂಥದ್ದು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು ಗಾಡಿ ಹಚ್ಚಿದಳು.

ಸದ್ದಿಗೆ ಗಂಡ ಎದ್ದು ಬಂದು ನೋಡುತ್ತಾನೆ, ಹೆಂಡತಿ ಮಗುವನ್ನು ಎತ್ತಿಕೊಂಡ ಹಾಗೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಹಳ್ಳಗಳ ಮೇಲೆ ಹಾಯಾಗಿ ಹೋಗುತ್ತಿದ್ದಾಳೆ. ಗಾಡಿ ನಿಲ್ಲುತ್ತಿಲ್ಲ.

“ಏನೇ ಇದು, ನನ್ನ ಪೆಟ್ಟಿಗೆ?”

ಅವಳು ಇಂಜಿನ್ ಆರಿಸಿದಳು. “ಸೀಟಿನ ಕೆಳಗೆ ಸ್ವಿಚ್ಚಿದೆ. ಕೂತೋರು ಬಿದ್ರೆ ಬ್ಲೇಡು ನಿಲ್ಲಲಿ ಅಂತ. ನಾನು ಕೂತ್ರೆ ಇದಕ್ಕೆ ಯಾರೂ ಕೂತ ಹಾಗೇ ಇಲ್ಲ. ಮರ ಅಳೆದ್ರಿ, ಬಾಗಿಲು ಅಳೆದ್ರಿ. ಕೂರೋಳನ್ನ ಯಾವಾಗ ಅಳೆದ್ರಿ?”

“ನಿನ್ನ ಅಳತೆ ನನಗೆ…”

ಅವಳು ಅಂಗಿಯ ಅಂಚನ್ನು ಮಡಿಸಿ ಒಳಬದಿ ತೋರಿಸಿದಳು. ಮೂರು ಸಾಲು ಕೈಹೊಲಿಗೆ, ಮೂರು ಬಣ್ಣದ ನೂಲು. ದರ್ಜಿ ಅದನ್ನು ಬೆರಳಲ್ಲಿ ಸವರಿ ನೋಡಿದ. ಒಂದೊಂದು ಸಾಲಿಗೂ ಎಷ್ಟೆಷ್ಟು ಇಂಚು ಎಂದು ಅವನಿಗೆ ಕಣ್ಣಿನಲ್ಲೇ ತಿಳಿಯಿತು.

“ಹೇಳಬಾರದಿತ್ತಾ?”

“ಕೇಳಬಾರದಿತ್ತಾ?”

ಮರುದಿನ ಬೆಳಗ್ಗೆಯೇ ಗಾಡಿ ವಾಪಸು ಹೋಯಿತು. ಈ ಸಲ ಅವಳು ಚಪ್ಪಲಿ ಮೆಟ್ಟಿದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಮೆಕ್ಯಾನಿಕ್ಕು ತಲೆ ಕೆರೆದುಕೊಂಡು, “ಅಷ್ಟೇನಾ? ಆ ಸ್ವಿಚ್ಚಿಗೆ ಒಂದು ವೈರು ಕಟ್ಟಿಬಿಟ್ರೆ ಆಯ್ತಮ್ಮ, ನಿಲ್ಲೋದೇ ಇಲ್ಲ,” ಎಂದ.

“ನಾನು ಉರುಳಿ ಬಿದ್ದ ಮೇಲೂ ಬ್ಲೇಡು ತಿರುಗ್ತಿರಬೇಕಾ? ನಿನ್ನ ತಾಯಿಗೂ ಹೀಗೇ ಕಟ್ಟಿಕೊಡ್ತೀಯೇನಪ್ಪಾ?”

ಅವನು ಮತ್ತೆ ವೈರಿನ ಸುದ್ದಿ ಎತ್ತಲಿಲ್ಲ. ಅಂಗಡಿಯಲ್ಲಿದ್ದ ಒಂಬತ್ತು ಗಾಡಿಗಳ ಮೇಲೂ ಅವಳು ಹತ್ತಿ ಕೂತಳು. ಕೂತು, ಕುಲುಕಿ, ಹಿಂದೆ ತಿರುಗಿ, ಇಳಿದಳು. ಗಂಡ ಬಾಯಿ ತೆರೆದಾಗಲೆಲ್ಲ ಕೈ ಎತ್ತಿ ತಡೆದಳು. ಏಳನೆಯದು ನೋಡಲು ಮಣ್ಣಿನ ಬಣ್ಣದ ಕುಳ್ಳ ಗಾಡಿ. ಆದರೆ ಕೂತವರ ತೂಕಕ್ಕೆ ತಕ್ಕಂತೆ ಸೀಟಿನ ಸ್ಪ್ರಿಂಗ್ ಬಿಗಿ ಸಡಿಲ ಮಾಡುವ ತಿರುಪು ಅದಕ್ಕಿತ್ತು. ಪೂರಾ ಸಡಿಲ ಮಾಡಿಸಿದಳು, ಅಂಗಡಿಯ ಹಿಂದಿನ ಗುಂಡಿಗಳ ಮೇಲೆ ಬ್ಲೇಡು ಹಾಕಿಯೇ ಓಡಿಸಿದಳು. ನಿಲ್ಲಲಿಲ್ಲ. ಬೇಕೆಂದೇ ಮೈ ಎತ್ತಿದಳು. ನಿಂತಿತು. “ಇದು,” ಎಂದಳು.

ಉಳಿದದ್ದು ಆರು ದಿನ. ಅಗಲ ನಾಲ್ಕಿಂಚು ಕಡಿಮೆ, ಸುತ್ತು ಜಾಸ್ತಿ. ಸೊಂಟದೆತ್ತರದ ಹುಲ್ಲನ್ನು ಮೊದಲು ಮೇಲುಮೇಲೆ, ಆಮೇಲೆ ಬುಡಕ್ಕೆ, ಹೀಗೆ ಎರಡೆರಡು ಸಲ ಕತ್ತರಿಸಬೇಕಾಯಿತು. ನೇರ ಹತ್ತಿ, ನೇರ ಇಳಿದು, ಗಂಡನ ಪುಸ್ತಕದಲ್ಲಿ ಬರೆದಿದ್ದ ಹಾಗೆಯೇ ಓಡಿಸಿದಳು. ಅಷ್ಟು ಮಾತ್ರ ಅವನಿಗೆ ಸಲ್ಲಬೇಕು.

ಕೊನೇ ದಿನ ಟ್ರ್ಯಾಕ್ಟರ್ ಗೇಟಿನ ಹತ್ತಿರ ಬಂದು ಗುರುಗುಟ್ಟುವಾಗ ಅವಳು ಹೊಂಡದ ಬಳಿ ಕೊನೆಯ ಸಾಲಿನಲ್ಲಿದ್ದಳು. ಭಾವ ಕೈ ಕಟ್ಟಿಕೊಂಡು ಇಳಿಜಾರಿನುದ್ದಕ್ಕೂ ಕಣ್ಣಾಡಿಸಿದ.

“ಆ ಮೂಲೆ ಮರೆತಿದ್ದೀಯಲ್ಲಮ್ಮ.”

“ಮರೆತಿಲ್ಲ ಭಾವ. ಅಲ್ಲಿ ಬಾಣಂತಿಯರಿದ್ದಾರೆ. ಸುತ್ತ ಒಂದು ಮಾರು ಬೋಳು ಮಾಡಿದ್ದೀನಿ, ಬೆಂಕಿ ದಾಟಲ್ಲ. ಮರಿ ಎದ್ದು ಹೋದ ಮೇಲೆ ಅದನ್ನೂ ಇಳಿಸ್ತೀನಿ.”

ಭಾವ ಗೊಣಗುತ್ತಾ ಗೇಟಿಗೆ ಹೋಗಿ ಗುತ್ತಿಗೆಯವನನ್ನು ವಾಪಸು ಕಳಿಸಿದ.

ಅವಳು ಗಾಡಿ ಕೊಟ್ಟಿಗೆಗೆ ಹಾಕಿ ಒಳಗೆ ಬಂದರೆ ಗಂಡ ಟೇಪು ಬಿಚ್ಚಿ ಹಿಡಿದು ನಿಂತಿದ್ದ. ಹೊಸ ಬಟ್ಟೆ ಮೇಜಿನ ಮೇಲಿತ್ತು.

“ತೋಳು ಎತ್ತು. ಅಲ್ಲಾಡಬೇಡ.”

“ನಿನ್ನೆ ಅಳೆದಿದ್ದೀರಿ, ಮೊನ್ನೆಯೂ ಅಳೆದಿದ್ದೀರಿ.”

“ಅದಕ್ಕೇ. ಇದು ಮೂರನೇ ಸಲ.”

ಮೈಯೆಲ್ಲ ಹುಲ್ಲಿನ ಧೂಳು, ಕಾಲು ಚುಳ್ ಚುಳ್ ಎನ್ನುತ್ತಿತ್ತು. ಅವಳು ಉಸ್ಸೆಂದು ತೋಳೆತ್ತಿ ನಿಂತಳು.