ಚೊಂಬಿನ ಹೊಟ್ಟೆಯ ಸುತ್ತಳತೆ

ಗಣಿತದಲ್ಲಿ ಎಂ.ಎಸ್ಸಿ. ಮಾಡಿಯೂ ಒಂದು ಚೊಂಬಿನ ಮುಂದೆ ಸೋತವನು ನಾನು. ತೊಂಬತ್ತರ ದಶಕದ ಕೊನೆಯ ಮಾತು. ಇಸವಿ ಕೇಳಬೇಡಿ, ನನ್ನ ದಿನಚರಿ ಒಂದು ಹೇಳುತ್ತದೆ, ನೆನಪು ಇನ್ನೊಂದು.

ಚಳ್ಳಕೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ಕೆಟ್ಟ ಪ್ರಿಂಟರುಗಳ ಮೋಟಾರು, ಹೊಲಿಗೆ ಯಂತ್ರದ ಹಲಗೆ, ಒಂದು ಗಟ್ಟಿ ಸೂಜಿ ಸೇರಿಸಿ ಪಾತ್ರೆಗೆ ಹೆಸರು ಕೊರೆಯುವ ಯಂತ್ರ ಮಾಡಿದ್ದೆ. ತಟ್ಟೆಯ ಮೇಲೆ ಸೂಜಿ ಅಡ್ಡಕ್ಕೂ ಉದ್ದಕ್ಕೂ ಓಡಿ ಮುತ್ತು ಪೋಣಿಸಿದಂತೆ ಬರೆಯುತ್ತಿತ್ತು.

ಅದನ್ನು ಕಂಡು ಅವ್ವನಿಗೊಂದು ಆಸೆ ಹುಟ್ಟಿತು. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಅಪ್ಪನ ಹೆಸರು, ಇಲ್ಲವೇ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು. ಅವ್ವನದು ಒಂದರ ಮೇಲೂ ಇಲ್ಲ. ಮೊಳಕಾಲ್ಮೂರಿನಲ್ಲಿ ಹೊಸ ಮನೆ ಕಟ್ಟಿದ ಅಕ್ಕನಿಗೆ ತನ್ನ ತವರಿನ ತಾಮ್ರದ ಚೊಂಬು ಕೊಡಬೇಕು, ಅದರ ಮೇಲೆ ‘ತಿಪ್ಪಮ್ಮ ಕೊಟ್ಟದ್ದು, ಮಗಳು ಗೌರಿಗೆ’ ಎಂದಿರಬೇಕು.

“ಒಂದೇ ಸಲ ಕೊರಿಯೋದು ಕಣಪ್ಪಾ, ಅಳಿಸಾಕೆ ಬರಲ್ಲ,” ಎಂದಳು.

ದುಂಡಗಿನ ಚೊಂಬಿನ ಮೇಲೆ ಸೂಜಿ ಅಡ್ಡಕ್ಕೆ ಓಡಿದರೆ ಜಾರುತ್ತದೆ. ಸೂಜಿ ಮೇಲೆ ಕೆಳಗೆ ಮಾತ್ರ ಆಡಲಿ, ಅಡ್ಡ ಓಟದ ಬದಲು ಚೊಂಬೇ ತಿರುಗಲಿ ಎಂದುಕೊಂಡೆ. ಅಕ್ಷರದ ಅಗಲವನ್ನು ಸುತ್ತಳತೆಯಿಂದ ಭಾಗಿಸಿ ಮುನ್ನೂರ ಅರವತ್ತರಿಂದ ಗುಣಿಸಿದರೆ ಎಷ್ಟು ಡಿಗ್ರಿ ತಿರುಗಬೇಕೆಂದು ಸಿಗುತ್ತದೆ. ನೇರವಾದ ಲೋಟದ ಮೇಲೆ ಸರಿಬಂತು. ಚೊಂಬಿಗೂ ದಾರ ಸುತ್ತಿ ಅಳೆದೆ, ದಾರ ಜಾರದೆ ನಿಲ್ಲುವ ಕೊರಳಿನಲ್ಲಿ. ಬರೆಸಿದ್ದು ಹೊಟ್ಟೆಯ ಮೇಲೆ. ಅಕ್ಷರಗಳ ಡಿಗ್ರಿಯನ್ನೆಲ್ಲ ಕೂಡಿಸಿ ಒಂದು ಸುತ್ತಿನಲ್ಲಿ ಹಿಡಿಯುತ್ತದೆಯೇ ಎಂದೂ ನೋಡಲಿಲ್ಲ.

ಅಕ್ಷರಗಳು ಹಬ್ಬದೂಟ ಉಂಡವರಂತೆ ಅಗಲವಾಗಿ ಬಂದವು. ನಾನು ಲೆಕ್ಕವನ್ನು ನಂಬಿದೆ, ಕಣ್ಣನ್ನಲ್ಲ. ಚೊಂಬು ಒಂದು ಸುತ್ತು ಮುಗಿಸಿತು, ಬರಹ ಮುಗಿದಿರಲಿಲ್ಲ. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಕೊನೆಯ ‘ಗೌರಿಗೆ’ ಮೊದಲಿನ ‘ತಿಪ್ಪಮ್ಮ’ನ ಮೇಲೆ ಕೂತಿತ್ತು.

ಚೊಂಬು ಒಯ್ಯಲು ಬಂದಿದ್ದ ಭಾವ ರೇಷ್ಮೆ ಸೀರೆ ನೇಯುವವರು. ಬಿದ್ದು ಬಿದ್ದು ನಕ್ಕರು. “ಅಲ್ಲಲೇ ಭಾಮೈದಾ, ಮಗ್ಗದಾಗೆ ಸೀರೆ ಸುತ್ತಿದಂಗೆಲ್ಲ ಉರುಳೆ ದಪ್ಪ ಆಗ್ತೈತೆ, ಅದೇ ಒಂದು ಸುತ್ತಿಗೆ ಜಾಸ್ತಿ ಸೀರೆ ಎಳ್ಕಂತೈತೆ. ನಮ್ಮನೆ ಬೆಕ್ಕಿಗೂ ಗೊತ್ತಲ್ಲೋ!”

ಅವ್ವನಿಗೆ ಓದು ಬಾರದು. ಬೆರಳಾಡಿಸಿ, “ಇಲ್ಲೇನಿದು, ಗಂಟು ಬಿದ್ದಂಗೈತೆ?” ಎಂದಳು. ಅವಳ ಹೆಸರಿನ ಮೇಲೆ ಅಕ್ಕನ ಹೆಸರು ಕೂತಿದೆಯೆಂದು ತಲೆತಗ್ಗಿಸಿ ಹೇಳಿದೆ. ಅವ್ವ ಆ ಗಂಟನ್ನು ಇನ್ನೊಮ್ಮೆ ಸವರಿದಳು.

“ಇರ್ಲಿ ಬಿಡು. ಸಣ್ಣೋಳಿದ್ದಾಗ್ಲೂ ಇಳಿಯೇ ಅಂದ್ರೆ ಇಳೀತಿರ್ಲಿಲ್ಲ, ಹಿಂಗೇ ನನ್ ಸೊಂಟದ ಮ್ಯಾಲೇ ಕುಂತಿರೋಳು.”

ದಿನಚರಿಯಲ್ಲಿ ಈ ಮಾತಿಲ್ಲ. ಕೊರಳಿನ ಅಳತೆ, ಹೊಟ್ಟೆಯ ಅಳತೆ ಅಷ್ಟೇ ಇವೆ. ಅವ್ವ ಹಾಗೆಂದಳೋ, ನಾಚಿಕೆ ಮುಚ್ಚಿಕೊಳ್ಳಲು ನಾನೇ ಆಮೇಲೆ ಸೇರಿಸಿದೆನೋ? ಅನುಮಾನ ಬಂದಾಗ ಮೊಳಕಾಲ್ಮೂರಿಗೆ ಹೋಗುತ್ತೇನೆ. ಅಕ್ಕ ಅದೇ ಚೊಂಬಿನಲ್ಲಿ ನೀರು ತಂದುಕೊಡುತ್ತಾಳೆ, ಹೆಬ್ಬೆರಳನ್ನು ಆ ಗಂಟಿನ ಮೇಲೇ ಇಟ್ಟು. ತಾಮ್ರ ಅಲ್ಲಿ ಮಾತ್ರ ಸವೆದು ಹೊಳೆಯುತ್ತದೆ.