ಕಾಕಂಬಿಯ ಬ್ಯಾರಲ್ಲಿನ ಡೀಸೆಲ್

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ಕಣ್ಣಿನ ಆಪರೇಷನ್ ಆಗಲಿ, ಮಳೆಗಾಲ ಮುಗಿಯಲಿ, ಮೊಮ್ಮಗಳ ಮದುವೆ ಮುಗಿಯಲಿ... ಹೀಗೆ. ಕಳೆದ ವಾರ ಬಾಡಗಂಡಿಯ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ನನ್ನೆದುರಿಗೇ ಕೆಮ್ಮುತ್ತ ಕೆಮ್ಮುತ್ತ ನಿಂತಿತು. ಡ್ರೈವರ್ ಇಳಿದು ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿದ. ಗಾಲಿಗಳಿಗೆ ಸಿಕ್ಕು ಜಜ್ಜಿಹೋಗಿದ್ದ ಕಬ್ಬಿನ ಮೇಲೆ ಡೀಸೆಲ್ ಹನಿಹನಿಯಾಗಿ ಬಿತ್ತು. ಡೀಸೆಲ್ಲಿನ ಕಮಟು, ಅದರೊಳಗೆ ಸೇರಿಕೊಂಡ ಹುಳಿಸಿಹಿ... ಬಸ್ಸು ಬಂತು, ನಾನು ಹತ್ತಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ.

ಆ ಎರಡು ವಾಸನೆಗಳು ಕೂಡಿ ಬಂದರೆ ನನಗೆ ಒಬ್ಬ ಮನುಷ್ಯ ನೆನಪಾಗುತ್ತಾನೆ. ನನ್ನ ಪಾಲುದಾರ.

ನಮ್ಮೂರು ಬೀಳಗಿ ತಾಲೂಕಿನ ಹೊಳೆದಂಡೆಯದು. ಅಣೆಕಟ್ಟಿನ ಹಿನ್ನೀರು ಹರಡಿಕೊಂಡ ಮೇಲೆ ಆಚೆ ದಂಡೆಯ ಊರುಗಳು ಕಣ್ಣಿಗೆ ಕಾಣುತ್ತಿದ್ದರೂ ರಸ್ತೆಯಲ್ಲಿ ಹೋದರೆ ಅರ್ಧ ದಿನದ ಸುತ್ತು. ಹಾಗಾಗಿ ನಾವಿಬ್ಬರು ಸೇರಿ ಡೀಸೆಲ್ ಎಂಜಿನ್ ಕೂಡಿಸಿದ ಹಳೆಯ ಬೋಟೊಂದನ್ನು ಕೊಂಡೆವು. ಚುಕ್ಕಾಣಿ ಅವನದು, ಎಂಜಿನ್ ನನ್ನದು. ಮುಧೋಳದಲ್ಲಿ ಎಂಜಿನ್ ರಿಪೇರಿಯವರ ಕೈಕೆಳಗೆ ನಾನು ಕೆಲವು ವರ್ಷ ದುಡಿದಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ ಎಂಬ ಒಂದೇ ಕಾರಣಕ್ಕೆ ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ನಾವು ಒಂದೇ ವಾರಿಗೆಯವರು, ಆದರೂ ಚೇಷ್ಟೆಗೆ ಬಹುವಚನ ಹಚ್ಚುತ್ತಿದ್ದ.

ಅವನ ದನಿ ದೊಡ್ಡದು. ಬೋಟು ಹತ್ತಿದ ಪ್ರತಿಯೊಬ್ಬರಿಗೂ ಒಂದೊಂದು ಹೆಸರಿಟ್ಟಿದ್ದ. ಮೊದಲು ಬಹಳ ಕುಡಿಯುತ್ತಿದ್ದ, ಅದು ಊರಿಗೆಲ್ಲ ಗೊತ್ತು. ಒಮ್ಮೆ ಕುಡಿದು ದಂಡೆಯ ಕೆಸರಿನಲ್ಲಿ ಬಿದ್ದು ಬೆಳಗಿನತನಕ ಅಲ್ಲೇ ಇದ್ದ ಮೇಲೆ, ಹೆಂಡತಿ ಅವನಿಂದ ಆಣೆ ಮಾಡಿಸಿಕೊಂಡಳು. ಅಂದಿನಿಂದ ಮುಟ್ಟಿರಲಿಲ್ಲ. ಯಾರಾದರೂ ಕೆಣಕಿದರೆ, "ಹೊಳಿ ನೀರ ಕುಡದ ಸಾಕಾಗೇತಿ, ಇನ್ನ ಬ್ಯಾರೆ ಎಲ್ಲಿ ಹಿಡಸತೈತೋ" ಎನ್ನುತ್ತಿದ್ದ.

ಡೀಸೆಲ್ ವಿಷಯದಲ್ಲಿ ನಾನು ಮಡಿವಂತನಂತೆ ಇದ್ದೆ. ಬಂಕಿನಿಂದ ಬಂದ ಬ್ಯಾರಲ್ಲನ್ನು ಒಂದು ರಾತ್ರಿ ಅಲುಗಾಡಿಸದೆ ಬಿಡುತ್ತಿದ್ದೆ, ನೀರು ಮತ್ತು ಕಸ ತಳಕ್ಕೆ ಇಳಿಯಲಿ ಎಂದು. ತಳದ ನಾಲ್ಕು ಬೆರಳು ಡೀಸೆಲ್ಲನ್ನು ಎಂದೂ ಮೇಲೆತ್ತುತ್ತಿರಲಿಲ್ಲ. ಸೋಸುವುದಕ್ಕೆ ಹತ್ತಿಯ ಬಟ್ಟೆ ಮುಟ್ಟುತ್ತಿರಲಿಲ್ಲ, ಅದು ಎಳೆ ಬಿಡುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಬೋಟಿನ ಡೀಸೆಲ್ ಟಾಕಿಯನ್ನು ಕಂಠದತನಕ ತುಂಬಿಸುತ್ತಿದ್ದೆ. ಖಾಲಿ ಬಿಟ್ಟರೆ ತಂಪು ಹೊತ್ತಿನಲ್ಲಿ ಟಾಕಿಯ ಒಳಮೈ ಬೆವೆತು ಆ ನೀರು ಡೀಸೆಲ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ಎದ್ದವನೇ ಫಿಲ್ಟರಿನ ತಳದಿಂದ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿಯುತ್ತಿದ್ದೆ. ತಳದಲ್ಲಿ ನೀರಿನ ಗೆರೆ ಇಲ್ಲದಿದ್ದರೆ ಮಾತ್ರ ಬೋಟು ಹೊರಡಬೇಕು. "ಮಾಸ್ತರ ಎಂಜಿನ್ನಿಗೆ ಔಷಧ ಕುಡಸಾಕತ್ತಾರ, ಸ್ವಲ್ಪ ತಡೀರಿ" ಎಂದು ಅವನು ಜನರನ್ನು ನಗಿಸುತ್ತಿದ್ದ. ನಗಲಿ ಎಂದು ನಾನೂ ಬಿಡುತ್ತಿದ್ದೆ. ನಡುಹೊಳೆಯಲ್ಲಿ ನಮ್ಮ ಎಂಜಿನ್ ಒಮ್ಮೆಯೂ ನಿಂತಿರಲಿಲ್ಲವಲ್ಲ.

ಒಂದು ಶ್ರಾವಣದಲ್ಲಿ ನಮ್ಮ ಬ್ಯಾರಲ್ಲಿನ ತಳ ತುಕ್ಕು ತಿಂದು ತೂತಾಯಿತು. ಹೊಸದು ಬರುವತನಕ ಎಂದು ನನ್ನ ಹೆಂಡತಿಯ ಅಣ್ಣನ ಬೆಲ್ಲದ ಗಾಣದ ಮನೆಯಿಂದ ಒಂದನ್ನು ತಂದೆ. ಮಳೆಗಾಲವಾದ್ದರಿಂದ ಗಾಣ ನಿಂತಿತ್ತು, ಬ್ಯಾರಲ್ಲುಗಳು ಖಾಲಿ ಬಿದ್ದಿದ್ದವು. ದನಗಳ ಮೇವಿಗೆ ಬೆರೆಸಲು ಅವುಗಳಲ್ಲಿ ಕಾಕಂಬಿ ತುಂಬಿಡುತ್ತಿದ್ದರು, ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕ. ಕುದಿಯುವ ನೀರು ಹಾಕಿ ಉರುಳಾಡಿಸಿ ತೊಳೆದೆ, ಮತ್ತೆ ತೊಳೆದೆ. ಮೋಡದ ದಿನಗಳು, ಬಿಸಿಲು ಸಾಲಲಿಲ್ಲ. ಒಳಗೆ ಕೈ ಹಾಕಿ ನೋಡಿದೆ, ನುಣ್ಣಗಿತ್ತು. ತಳದ ಅಂಚಿನ ಮಡಿಕೆಯೊಳಗೆ ಮಾತ್ರ ಬೆರಳು ಹೋಗುವಂತಿರಲಿಲ್ಲ.

ಬೋಟಿನಲ್ಲಿ ಜನ ತುಂಬಿದ್ದಾಗ ಅವನು ಅದನ್ನು ಕಂಡ.

"ಏನ್ರೀ ಮಾಸ್ತರ, ಇದು ನಿಮ್ಮ ಬೀಗರ ಗಾಣದ್ದಲ್ಲ?"

"ಹೌದು. ಕುದಿಯೂ ನೀರಾಗ ತೊಳದೇನಿ."

"ತೊಳೀರಿ, ತೊಳೀರಿ. ಕಾಕಂಬಿ ಹಂಗೆಲ್ಲಾ ಬಿಡೂದಲ್ಲ. ನಮ್ಮ ಎಂಜಿನ್ನಿಗೆ ಸಕ್ಕರಿ ಬ್ಯಾನಿ ಬರತೈತಿ ನೋಡ್ರಿ!"

ಒಬ್ಬ ಅಜ್ಜಿ, "ಹಂಗಾರ ಅದಕ್ಕ ಜ್ವಾಳದ ರೊಟ್ಟಿ ಹಾಕೋ ಯಪ್ಪಾ, ಅನ್ನ ಕೊಡಬ್ಯಾಡ" ಎಂದಳು. ಎಲ್ಲರೂ ನಕ್ಕರು. ಅವನು ಅಷ್ಟಕ್ಕೇ ಬಿಡಲಿಲ್ಲ. "ಎಸ್ಸೆಸ್ಸೆಲ್ಸಿ ಓದಿದವ್ರು ತೊಳದಾರಬೇ ಆಯಿ, ಬ್ಯಾನಿ ಬಂದ್ರೂ ಇಂಗ್ಲೀಷಿನ್ಯಾಗ ಬರತೈತಿ." ಆಚೆ ದಂಡೆ ಮುಟ್ಟುವತನಕ ಅದೇ ನಗೆ. ನನ್ನ ಕಿವಿಗಳು ಕಾದುಹೋಗಿದ್ದವು.

ಪಂಚಮಿ ಮುಗಿದಿತ್ತು. ತವರಿಗೆ ಬಂದಿದ್ದ ಹೆಣ್ಣುಮಕ್ಕಳು ಗಂಡನ ಮನೆಗೆ ಹಿಂದಿರುಗುವ ದಿನ. ಟ್ರಂಕು, ಉಂಡಿಯ ಡಬ್ಬಿ, ಕಂಕುಳಲ್ಲಿ ಕೂಸು, ದಂಡೆಯ ತುಂಬ ಅವರೇ. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದರು, ಹೊಳೆ ಕೆಂಪಗೆ ಸೆಳೆಯುತ್ತಿತ್ತು. ನಾನು ಎಂದಿನಂತೆ ಬಾಟಲಿಗೆ ಡೀಸೆಲ್ ಇಳಿಸಿ ಮೇಲೆತ್ತಿ ಹಿಡಿದೆ. ತಳದಲ್ಲಿ ಒಂದು ಬೆರಳು ಕಂದು ನೀರು. ಅದರಲ್ಲಿ ಲೋಳೆಯಂಥ ಎಳೆಗಳು ತೇಲುತ್ತಿದ್ದವು. ಮೂಗಿಗೆ ಹಿಡಿದೆ. ಬೆಲ್ಲದ ವಾಸನೆ.

ಆಗ ಏನು ಮಾಡಬೇಕೆಂದು ನನಗಿಂತ ಚೆನ್ನಾಗಿ ತಿಳಿದವರು ಆ ದಂಡೆಯಲ್ಲಿ ಯಾರೂ ಇರಲಿಲ್ಲ. ಟಾಕಿ ಖಾಲಿ ಮಾಡಿ ಒರೆಸಬೇಕು, ಪೈಪು ಊದಬೇಕು, ಫಿಲ್ಟರ್ ಬದಲಿಸಬೇಕು. ಮಧ್ಯಾಹ್ನದತನಕದ ಕೆಲಸ. ಅದಕ್ಕಿಂತ ಮೊದಲು ಚುಕ್ಕಾಣಿಯ ಕಡೆ ತಿರುಗಿ, ನೀನು ಹೇಳಿದ ಬ್ಯಾನಿ ಬಂದಿದೆ ಎನ್ನಬೇಕು.

"ಮಾಸ್ತರ, ಔಷಧ ಕುಡಸೂದು ಆತಿಲ್ಲೋ? ಅಕ್ಕಗೋಳು ಗಂಡಂದ್ರ ಮಾರಿ ನೋಡಾಕ ಅವಸರಾ ಮಾಡಾಕತ್ತಾರ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಬಾಟಲಿಯನ್ನು ಹೊಳೆಗೆ ಚೆಲ್ಲಿದೆ. ತಿಳಿ ಡೀಸೆಲ್ ಬರುವತನಕ ಇನ್ನೊಂದಿಷ್ಟು ಹರಿಯಬಿಟ್ಟು ಸ್ಕ್ರೂ ಬಿಗಿದೆ.

"ಆತು, ಬಿಡು" ಎಂದೆ.

ನಡುಹೊಳೆಯಲ್ಲಿ ಎಂಜಿನ್ನಿನ ದನಿ ಬದಲಾಯಿತು. ಉಸಿರು ಸಿಕ್ಕದವರಂತೆ ಎರಡು ಸಲ ಬಿಕ್ಕಿ ನಿಂತೇಹೋಯಿತು. ಫಿಲ್ಟರಿನ ಗಾಜಿನ ಬಟ್ಟಲು ಪೂರ್ತಿ ಕಂದುಬಣ್ಣಕ್ಕೆ ತಿರುಗಿತ್ತು. ಟಾಕಿಯ ತಳದಲ್ಲಿ ಮಲಗಿದ್ದದ್ದೆಲ್ಲ ಅಲೆಗಳ ಹೊಡೆತಕ್ಕೆ ಎದ್ದು ಬಂದಿತ್ತು. "ಹ್ಯಾಂಡಲ್ ಹೊಡೀರಿ ಮಾಸ್ತರ! ಜಾಲಿ ಕಡೆ ಜಗ್ಗಾಕತ್ತೈತಿ!" ಎಂದು ಅವನು ಕೂಗಿದ. ಅವನ ದನಿಯಲ್ಲಿ ಚೇಷ್ಟೆ ಇಲ್ಲದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹ್ಯಾಂಡಲ್ ಹೊಡೆದೇ ಹೊಡೆದೆ... ಬೋಟು ಅಡ್ಡಲಾಗಿ ಹೋಗಿ ಮುಳುಗಿದ ಜಾಲಿಗಿಡಗಳಿಗೆ ಬಡಿಯಿತು. ಹೆಂಗಸರೆಲ್ಲ ಒಂದೇ ಮಗ್ಗುಲಿಗೆ ಸರಿದರು. ಬೋಟು ವಾಲಿತು.

ಅವನು ಚುಕ್ಕಾಣಿ ಬಿಟ್ಟು ಧುಮುಕಿದ. ಮುಳ್ಳಿನಲ್ಲಿ ಮೈ ಹರಿದುಕೊಂಡು ಒಬ್ಬೊಬ್ಬರನ್ನೇ ಎಳೆದು ತಂದು ಕೊಂಬೆಗಳಿಗೆ ಆತುಕೊಳ್ಳುವಂತೆ ಮಾಡಿದ. ಮೀನುಗಾರರು ಹರಿಗೋಲು ತಂದು ಎಲ್ಲರನ್ನೂ ದಂಡೆಗೆ ಮುಟ್ಟಿಸಿದರು. ಎಲ್ಲರನ್ನೂ ಎಂದೆ... ಒಬ್ಬಳನ್ನು ಬಿಟ್ಟು. ಹಿಂದಿನ ವರ್ಷವಷ್ಟೇ ಮದುವೆಯಾಗಿದ್ದ ಹುಡುಗಿ. ಮರುದಿನ ಸಿಕ್ಕಳು. ಅದನ್ನು ಬರೆಯಲಾರೆ.

ಅಂದು ದಂಡೆಯಲ್ಲಿ ಅವನು ಹಲ್ಲು ಕಟಕಟಿಸುತ್ತ ಬಿದ್ದಿದ್ದ. ಮೀನುಗಾರನೊಬ್ಬ ತನ್ನ ಬಾಟಲಿಯಿಂದ ಎರಡು ಗುಟುಕು ಸಾರಾಯಿಯನ್ನು ಅವನ ಬಾಯಿಗೆ ಹಾಕಿದ, ಮೈ ಬೆಚ್ಚಗಾಗಲಿ ಎಂದು. ಅವನ ತಲೆಯನ್ನು ಎತ್ತಿ ಹಿಡಿದವನು ನಾನು. ಪೊಲೀಸರನ್ನು ಕಂಡು ಮೀನುಗಾರ ಜಾಗ ಬಿಟ್ಟ. ನನ್ನ ಪಾಲುದಾರನ ಬಾಯಿ ವಾಸನೆ ಹೊಡೆಯುತ್ತಿತ್ತು. ಮುಂದಿನದನ್ನು ಊರೇ ಹೇಳಿತು: ಹಳೆಯ ಚಟ, ಹಬ್ಬದ ಅಮಲು, ಮತ್ತೇನು.

"ಎಂಜಿನ್ ಸರಿ ಇತ್ತೇನು?" ಎಂದು ಪೊಲೀಸರು ನನ್ನನ್ನು ಕೇಳಿದರು.

"ಸರಿ ಇತ್ರಿ" ಎಂದೆ. ಅವನನ್ನು ಠಾಣೆಗೆ ಒಯ್ದರು.

ಮರುದಿನ ಬೋಟನ್ನು ದಂಡೆಗೆ ಎಳೆದಾಗ, ತನಿಖೆಯ ಸಾಹೇಬರು ಬರುವ ಮೊದಲೇ ಫಿಲ್ಟರ್ ಬಿಚ್ಚಿದೆ. ಒಳಗಿನ ಕಾಗದದ ಮಡಿಕೆಗಳೆಲ್ಲ ಕಂದು ಲೋಳೆಯಿಂದ ಅಂಟಿಕೊಂಡಿದ್ದವು. ಅದನ್ನು ಹುಗಿದೆ, ಬಟ್ಟಲು ತೊಳೆದೆ, ಟಾಕಿ ಖಾಲಿ ಮಾಡಿ ಬೇರೆ ಡೀಸೆಲ್ ತುಂಬಿದೆ, ಹೊಸ ಫಿಲ್ಟರ್ ಹಾಕಿದೆ. ಅವರು ಬಂದು ನೋಡಿದಾಗ ಎಂಜಿನ್ ಮೊದಲ ಹ್ಯಾಂಡಲ್ಲಿಗೇ ಎದ್ದಿತು.

ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು.

"ಅಣ್ಣಾರ, ನೀವು ಖರೆ ಹೇಳ್ರಿ. ದಂಡಿಗೆ ಬಂದಮ್ಯಾಲೆ ಯಾರೋ ಬಾಯಾಗ ಹಾಕಿದ್ರು, ಮಾಸ್ತರ ತಲಿ ಹಿಡಿದಿದ್ರು ಅಂತಾನ. ಖರೇನ್ರಿ?"

ಹೌದು ಎಂದರೆ ಸಾರಾಯಿಯ ಕಾರಣ ಬಿದ್ದುಹೋಗುತ್ತಿತ್ತು. ಬೋಟು ಯಾಕೆ ನಿಂತಿತು ಎಂದು ಬೇರೆ ಕಾರಣ ಹುಡುಕುತ್ತಿದ್ದರು. ನಾನು ಅಷ್ಟು ಲೆಕ್ಕ ಹಾಕಿಯೇ ಬಾಯಿ ತೆರೆದೆ.

"ಆ ಗದ್ದಲದಾಗ ನನಗೇನೂ ನೆಪ್ಪಿಲ್ಲ ತಂಗಿ."

"ನೆಪ್ಪಿಲ್ಲ ಅಂದ್ರ ಕುಡಿದಿದ್ದ ಅಂತನ ಆತಲ್ರಿ" ಎಂದು ಹೊರಟುಹೋದಳು. ಮಕ್ಕಳನ್ನು ಕರೆದುಕೊಂಡು ಜಮಖಂಡಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಜಾಮೀನಿನ ಮೇಲೆ ಬಿಟ್ಟ ನಂತರ ಅವನೂ ಒಮ್ಮೆ ಬಂದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಅವನು ಕಟ್ಟೆಯ ಮೇಲೆ ಕೂತು ತನ್ನ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡ.

"ಎಂಜಿನ್ ಬಂದ್ ಮಾಡೋ ವೈರು ನನ್ನ ಕೈ ಬಾಜೂಕ ಇತ್ತಲ್ಲ. ನಾನ ಏನರ ಜಗ್ಗಿದ್ನೇನ್ ಮಾಸ್ತರ? ನಿಮಗ ಕಂಡಿತ್ತೇನು?"

"ಆಗಿದ್ದು ಆತು, ಬಿಡು" ಎಂದೆ.

ಅವನು ತಲೆಯಾಡಿಸಿ ಎದ್ದ. ತನ್ನ ಕೈಯೇ ಆ ಹುಡುಗಿಯನ್ನು ಕೊಂದಿತೆಂದು ನಂಬಿಕೊಂಡು ಎದ್ದ. ನಾನು ಅವನನ್ನು ಹಾಗೆಯೇ ಹೋಗಗೊಟ್ಟೆ.

ಬೋಟು ಗುಜರಿಗೆ ಹೋಯಿತು. ಅವನು ಊರು ಬಿಟ್ಟು ಬನಹಟ್ಟಿಯ ಮಗ್ಗದ ಶೆಡ್ಡೊಂದರಲ್ಲಿ ಕೆಲಸಕ್ಕೆ ನಿಂತನೆಂದು ಕೇಳಿದೆ. ಕೆಲವು ವರ್ಷಗಳ ನಂತರ, ತಡೆದುಕೊಳ್ಳಲಾಗದೆ ಅಲ್ಲಿಗೆ ಹೋದೆ. ಒಳಗೆ ಕಾಲಿಟ್ಟರೆ ಮಗ್ಗಗಳು ನನ್ನ ಎದೆಯೊಳಗೇ ಬಡಿಯುತ್ತಿರುವಂತೆ ಸದ್ದು. ಅವನ ಹುಬ್ಬಿನ ಮೇಲೆ, ಕೂದಲಿನ ತುಂಬ ನೂಲಿನ ಧೂಳು. ಚಹಾಕ್ಕೆ ಬಾ ಎಂದು ಸನ್ನೆ ಮಾಡಿದೆ. ಮಗ್ಗ ಬಿಟ್ಟು ಬರುವಂತಿಲ್ಲ ಎಂದು ಕೈ ತೋರಿಸಿದ.

ಆಗ ನಾನು ಅಲ್ಲಿಯೇ, ಅವನೆದುರು ನಿಂತು, ಹೇಳಿಬಿಟ್ಟೆ. ಬ್ಯಾರಲ್ಲಿನಲ್ಲಿ ಕಾಕಂಬಿ ಉಳಿದಿತ್ತು. ಬೆಳಿಗ್ಗೆಯೇ ಬಾಟಲಿಯಲ್ಲಿ ಕಂಡಿದ್ದೆ. ನಿನ್ನ ನಗೆಗೆ ಅಂಜಿ ಚೆಲ್ಲಿದೆ. ಫಿಲ್ಟರ್ ಬದಲಿಸಿದವನು ನಾನು. ನಿನ್ನ ಕೈ ಏನೂ ಮಾಡಿಲ್ಲ, ನೀನು ಕುಡಿದಿರಲಿಲ್ಲ... ಎಲ್ಲವನ್ನೂ ಹೇಳಿದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಕೇಳಿಸುವುದಿಲ್ಲವೆಂದೇ ಅಷ್ಟು ಸಲೀಸಾಗಿ ಬಂತು. ಅವನು ಕಿವಿ ನನ್ನ ಕಡೆ ಕೊಡಲಿಲ್ಲ, ಏನು ಎಂದು ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಮುಗಿದ ಮೇಲೆ ಅವನ ತುಟಿಗಳು ಅಲುಗಿದವು, ನಾಲ್ಕೈದು ಮಾತು ಇರಬಹುದು. ಕೇಳಿಸಿದವನಂತೆ ನಾನು ತಲೆಯಾಡಿಸಿದೆ. ಅವನು ತಿರುಗಿ, ಹರಿದಿದ್ದ ಎಳೆಯೊಂದನ್ನು ಗಂಟು ಹಾಕತೊಡಗಿದ.

ಹೊರಗೆ ಬಂದು ಹೊಟ್ಟೆ ತುಂಬ ತಿಂದೆ. ಎದೆ ಹಗುರಾಗಿತ್ತು. ಹೇಳಿ ಆಯಿತು ಎಂದು ಎಷ್ಟೋ ವರ್ಷ ನನ್ನನ್ನು ನಾನೇ ನಂಬಿಸಿಕೊಂಡು ಬದುಕಿದೆ. ಅವನು ಸತ್ತ ಸುದ್ದಿ ಬಂದಾಗಲೂ ಮಣ್ಣು ಕೊಡಲು ಹೋಗಲಿಲ್ಲ.

ಬಾಡಗಂಡಿಯ ರಸ್ತೆಯಲ್ಲಿ ಆ ವಾಸನೆ ಬಂದ ಎರಡು ದಿನಕ್ಕೆ, ಮೊಮ್ಮಗಳ ಮದುವೆಯ ಸೀರೆಗಳಿಗೆಂದು ಬನಹಟ್ಟಿಗೆ ಹೋಗಬೇಕಾಯಿತು. ವ್ಯಾಪಾರಿಯ ಅಂಗಡಿಯ ಹಿಂದೆಯೇ ಮಗ್ಗದ ಶೆಡ್ಡು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈ ತುದಿಯ ಹೆಂಗಸು ಏನೋ ಅಂದಳು, ಆ ತುದಿಯ ಹೆಂಗಸು ಬಿದ್ದು ಬಿದ್ದು ನಕ್ಕು ತಿರುಗಿ ಏನೋ ಅಂದಳು. ನಡುವೆ ಅಷ್ಟೊಂದು ಮಗ್ಗಗಳು ಬಡಿಯುತ್ತಿದ್ದವು.

"ಅವರಿಗೆ ಹೆಂಗ ಕೇಳಸ್ತೈತಿ?" ಎಂದು ವ್ಯಾಪಾರಿಯನ್ನು ಕೇಳಿದೆ.

"ಕೇಳೂದೆಲ್ಲಿ ಬಂತ್ರೀ ಯಜಮಾನ್ರ. ತುಟಿ ನೋಡತಾರ. ಎರಡು ವರ್ಷ ಮಗ್ಗದಾಗ ಇದ್ರ ಸಾಕು, ಒಂದು ಮಾತೂ ತಪ್ಪಂಗಿಲ್ಲ. ಇವರ ಮುಂದ ಗುಟ್ಟು ಮಾತಾಡಬ್ಯಾಡ್ರಿ ಮತ್ತ!"

ವ್ಯಾಪಾರಿ ನಕ್ಕ. ನಾನು ಸೀರೆ ನೋಡದೆ ರಸ್ತೆಗೆ ಬಂದೆ.

ನನ್ನ ಪಾಲುದಾರನಿಗೆ ಗೊತ್ತಾಗಿತ್ತು. ಅಂದೇ, ನನ್ನ ಎದುರಿಗೇ ಎಲ್ಲವೂ ಗೊತ್ತಾಗಿತ್ತು. ಆಮೇಲೆ ಬದುಕಿದ್ದಷ್ಟು ವರ್ಷವೂ ಅವನು ನಮ್ಮೂರಿಗೆ ಬರಲಿಲ್ಲ, ಯಾರಿಗೂ ಹೇಳಲಿಲ್ಲ. ಯಾಕೆಂದು ತಿಳಿಯದು. ತಪ್ಪು ತನ್ನ ಕೈಯದಲ್ಲವೆಂದು ತಿಳಿದು ಅವನಿಗೆ ಒಂದಿಷ್ಟಾದರೂ ನಿದ್ದೆ ಬಂದಿತೋ, ಅಥವಾ... ಅವನು ಅಂದ ಆ ನಾಲ್ಕೈದು ಮಾತು ಏನೆಂಬುದೂ ನನಗೆ ಇನ್ನು ತಿಳಿಯುವುದಿಲ್ಲ. ಅವನ ತುಟಿ ಅಲುಗಿದ ರೀತಿಯನ್ನು ಕನ್ನಡಿಯ ಮುಂದೆ ಮಾಡಿ ಮಾಡಿ ನೋಡಿದ್ದೇನೆ. ಒಮ್ಮೆ ಬೈದಂತೆ ಕಾಣುತ್ತದೆ, ಒಮ್ಮೆ ಊಟ ಆಯಿತೇ ಎಂದು ಕೇಳಿದಂತೆ.

ಇಷ್ಟು ದಿನ ನೆನಪಾಗದ ಇನ್ನೊಂದು ಸಂಗತಿ ಈಗ ನೆನಪಾಗಿದೆ. ಅಂದು ಆ ಸದ್ದಿನಲ್ಲಿ ನಾನು ಬ್ಯಾರಲ್ಲಿನ ಮಾತು ಹೇಳಿದೆ, ಬಾಟಲಿಯ ಮಾತು ಹೇಳಿದೆ, ಫಿಲ್ಟರಿನ ಮಾತು ಹೇಳಿದೆ. ತಪ್ಪಾಯಿತು ಎನ್ನಲಿಲ್ಲ. ಹೇಗೂ ಕೇಳಿಸುವುದಿಲ್ಲ, ಆ ಒಂದು ಮಾತು ಯಾಕೆ ಎಂದು ಅದನ್ನು ಉಳಿಸಿಕೊಂಡೆ. ನನ್ನ ಬಾಯಿ ಮುಚ್ಚಿದ ಮೇಲೂ ಅವನು ಇನ್ನೂ ಸ್ವಲ್ಪ ಹೊತ್ತು ನನ್ನ ತುಟಿಗಳನ್ನೇ ನೋಡುತ್ತ ನಿಂತಿದ್ದ, ನನ್ನ ಪಾಲುದಾರ.